ಅಮೇರಿಕಾದಾಂವನ ಮೊಣಕಾಲು

ನಮ್ಮ ನವಲಗುಂದ ತಾಲೂಕಿನ್ಯಾಗ, ಅಮೇರಿಕಾದ ಫುಟ್‌ಬಾಲ್ ಆಡೋ ಒಬ್ಬ ಮನಶ್ಯಾನ ಪೂರಾ ಜೀವನ ಗೊತ್ತಿದ್ದಾಂವ ನಾ ಒಬ್ಬನ. ಹುಟ್ಟಿದ್ದು, ಬೆಳದಿದ್ದು, ಬಿದ್ದಿದ್ದು, ಎದ್ದಿದ್ದು, ಎಲ್ಲಾ. ಆ ಮನಶ್ಯಾಗ ಸುದ್ದಾ ತನ್ನ ಜೀವನ ಇಷ್ಟ ಗೊತ್ತಿರಲಿಕ್ಕಿಲ್ಲ. ಯಾಕಂದ್ರ ಅದರಾಗ ಮುಕ್ಕಾಲು ಪಾಲು ನಾ ಮಾಡಿದ್ದು.

ನಂಗ ಈಗ ಹದಿನೇಳು. ಇಷ್ಟ ಸಣ್ಣ ವಯಸ್ಸಿಗೆ ಯಾಂವರ ನೆನಪ ಬರೀತಾನೇನು ಅಂತ ಮಂದಿ ಕೇಳತಾರ. ಮುದುಕ ಆಗೂತನಾ ಕಾದ್ರ ಖರೇ ಯಾವದು, ಸುಳ್ಳ ಯಾವದು ಮರತ ಹೋಗತೈತಿ. ಈಗಾದ್ರ ನಂಗ ಎರಡೂ ಪಕ್ಕಾ ನೆನಪದಾವ.

ಬಾಜೂ ದೊಡ್ಡೂರು ಮೊರಬದಿಂದ ನಮ್ಮೂರಿಗೆ ಬ್ಯಾಸಗ್ಯಾಗ ಅರ್ಧಾ ತಾಸಿನ ಹಾದಿ, ಮಳಿಗಾಲದಾಗ ಮೂರು ದಿನದ್ದು. ಎರಿ ಮಣ್ಣು ನೋಡ್ರಿ, ಒಂದ ಸಲ ಕಾಲಿಟ್ರ ಚಪ್ಪಲಿ ತನ್ನ ಹೆಸರಿಗೆ ಬರಸಕೊಂಡ ಬಿಡತೈತಿ. ಬಸ್ಸು ನಿಂದರೋ ಕಡೆ ಒಂದು ಮಿರ್ಚಿ ಭಜಿ ಅಂಗಡಿ. ಅಂಗಡಿಯಾಂವ ಪುಡಿ ಕಟ್ಟಾಕ ಹುಬ್ಬಳ್ಳಿಯಿಂದ ಚೀಲಗಟ್ಟಲೆ ರದ್ದಿ ತರಸತಿದ್ದ. ಹೋದ ವರ್ಷ ಒಂದ ಚೀಲದಾಗ ಒಂದು ಇಂಗ್ಲಿಷ್ ಪುಸ್ತಕ ಬಂತು. ಹಾಳಿ ಅಗದಿ ನುಣ್ಣಗ, ಬಣ್ಣ ಬಣ್ಣದ ಫೋಟೋ, ಮುಖಾ ನೋಡಕೊಂಡು ತಲಿ ಬಾಚಿಕೊಳ್ಳೂವಷ್ಟು ಮಿಂಚು. ಆದ್ರ ಆ ಹಾಳಿ ಎಣ್ಣಿ ಹೀರತಿದ್ದಿಲ್ಲ. ಅದರಾಗ ಮಿರ್ಚಿ ಕಟ್ಟಿ ಕೊಟ್ರ ಎಣ್ಣಿ ಗಿರಾಕಿ ಮೊಣಕೈತನಾ ಹರದು, ಅಲ್ಲಿಂದ ಧೋತರಕ್ಕ ಇಳೀತಿತ್ತು. ಮೂರನೇ ಗಿರಾಕಿ ಬೈದು ಹೋದ ಮ್ಯಾಲ ಅಂಗಡಿಯಾಂವ ಪುಸ್ತಕಾ ನನ್ನ ಕಡೆ ಒಗದ.

"ತಗೊಂಡ ಹೋಗಲೇ ಈ ದರಿದ್ರನ್ನ. ಒಂದ ತಟಕ ಎಣ್ಣಿ ಕುಡಿಯಂಗಿಲ್ಲ, ಇದ್ಯಾತರ ಪುಸ್ತಕ?"

ಇಂಗ್ಲಿಷಿನ್ಯಾಗ ನಂಗ ಬಂದದ್ದು ಮೂವತ್ತೈದು. ಅದರಾಗ ಹತ್ತು ನನ್ನ ಮುಂದ ಕುಂತಾಂವಂದು. ಆದ್ರ ನಮ್ಮ ಮನಿ ಕಟ್ಟಿ ಮ್ಯಾಲ ಕುಂದರೋ ಮಂದ್ಯಾಗ ಉಳದವರಿಗೆ ಅದೂ ಇರಲಿಲ್ಲ. ಹಿಂಗಾಗಿ ಊರಾಗ ನಾ ಇಂಗ್ಲಿಷ್ ಪಂಡಿತ.

ಸಂಜೀಕ ಕಟ್ಟಿ ಮ್ಯಾಲ ಪುಸ್ತಕಾ ತಗದೆ. ನಡುವ ನಮ್ಮಜ್ಜ ಕುಂತಿದ್ದ. ನಮ್ಮಜ್ಜ ಅಂದ್ರ ಒಂದ ಕಾಲದಾಗ ಹೆಸರಾದ ಪೈಲವಾನ, ಈಗ ಊರ ಗರಡಿಮನಿಗೆ ಹಿರ್ಯಾ. ಕುಸ್ತಿ ಆಡಿ ಆಡಿ ಅವನ ಕಿವಿ ಎರಡೂ ಮಡಚಿ ಇಟ್ಟ ಎಲಿಯಡಿಕಿ ಆಗಿದ್ವು. ನಮ್ಮ ಮನ್ಯಾಗ ಅಜ್ಜಗ ಒಲ್ಲೆ ಅಂದಾಂವ ಯಾಂವಾ ಹುಟ್ಟಿಲ್ಲ. ನಾಯಿ ಸುದ್ದಾ ಅವನ ಮುಖಾ ನೋಡಿ, ಆಮ್ಯಾಲ ಬೊಗಳತಿತ್ತು. ಅವನ ಬಾಜೂಕ ಬಾಜು ಮನಿ ಮುದಿಕಿ, ಆಯಿ. ಆಕಿಗೆ ಕಿವಿ ಅರ್ಧಾ, ಪ್ರಶ್ನಿ ಡಬಲ್.

ಮೊದಲನೇ ಫೋಟೋದಾಗ ಒಬ್ಬ ಆಳು. ಹೆಗಲ ಮ್ಯಾಲ ಎರಡು ಕುಂಬಳಕಾಯಿ ಇಟ್ಟು ಅಂಗಿ ಹೊಲದಂಗ ಇದ್ದ. ತಲಿಗೆ ಗುಂಡನ ಗಟ್ಟಿ ಟೊಪಗಿ, ಬಾಯಿ ಮುಂದ ಸರಳಿನ ಜಾಳಗಿ.

ಅಜ್ಜ ಪುಸ್ತಕಾ ಮೂಗಿಗೆ ಹತ್ತರ ಹಿಡದ. "ಏ ಇದೇನಲೇ! ಮನಶ್ಯಾಗ ಬಾಯಿಕುಕ್ಕಿ ಕಟ್ಟ್ಯಾರ!"

ಎಡಿ ಹೊಡಿಯೂ ಮುಂದ ಎತ್ತು ಬೆಳಿಗೆ ಬಾಯಿ ಹಾಕಬಾರದಂತ ಹಗ್ಗದ ಜಾಳಗಿ ಕಟ್ಟತಾರಲ್ಲ, ಅದ.

"ಇವರು ಬೆಳಿ ತಿಂತಾರೇನ?" ಅಂದ್ಲು ಆಯಿ.

"ಹೂಂ ಆಯಿ," ಅಂದೆ. "ಮೈದಾನ ನೋಡು, ಎಷ್ಟ ಹಸರ ಹುಲ್ಲೈತಿ. ಕುಕ್ಕಿ ಕಟ್ಟಲಿಲ್ಲಂದ್ರ ಆಟ ಬಿಟ್ಟು ಮೇಯಕೊಂತ ನಿಂದರ್ತಾರ."

"ಪಾಪ, ಮನ್ಯಾಗ ರೊಟ್ಟಿ ಬಡಿಯವರು ಇಲ್ಲ ಕಾಣಸತೈತಿ."

ಮುಂದಿನ ಹಾಳ್ಯಾಗ ಮೈದಾನ ಪೂರಾ ಕಾಣತಿತ್ತು. ಹಸರ ನೆಲದ ಮ್ಯಾಲ ಐದೈದು ಮಾರಿಗೆ ಒಂದೊಂದು ಬಿಳೀ ಗೆರಿ. ಬಾಜೂಕ ಒಂದಿಬ್ಬರು ಮಂದಿ ಕೋಲು ಸರಪಳಿ ಹಿಡದು ನೆಲಾ ಅಳಿಯಾಕತ್ತಿದ್ರು. ಒಬ್ಬ ಪಟ್ಟಾಪಟ್ಟಿ ಅಂಗಿಯಾಂವ ಬಗ್ಗಿ ನೋಡಾಕತ್ತಿದ್ದ. ಅವನ ಸುತ್ತ ಇಪ್ಪತ್ತು ಮಂದಿ ದಾಂಡಿಗರು ಟೊಂಕದ ಮ್ಯಾಲ ಕೈ ಇಟ್ಟಕೊಂಡು ನಿಂತಿದ್ರು.

ಖರೇ ಹೇಳತೀನಿ, ಇದು ಏನಂತ ನನಗೂ ತಿಳೀಲಿಲ್ಲ. ಆದ್ರ ಅಜ್ಜಗ ತಿಳೀತು. ಕಣ್ಣು ಅರಳಿದ್ವು.

"ಇದು ಆಟ ಅಲ್ಲಲೇ. ಬದುವಿನ ಜಗಳ! ಅಣತಮ್ಮರು ಹೊಲಾ ಹಂಚಕೊಂಡಾರ. ಇಂವ ಒತ್ತಿ ಬಂದಾನ, ಅಂವ ತಡದಾನ. ಸರ್ವೇದವರು ಸರಪಳಿ ತಂದು ಅಳದು ತೋರಸಾಕತ್ತಾರ. ಪಟ್ಟಾಪಟ್ಟಿ ಅಂಗಿಯಾಂವ ತಲಾಟಿ, ಹೊಲದ ಲೆಕ್ಕಾ ಬರಿಯಾಂವ."

ಅಷ್ಟಂದದ್ದ ತಡ, ಇಡೀ ಕಟ್ಟಿಗೆ ಆಟ ತಿಳದುಬಿಡ್ತು. ನಮ್ಮ ಕಡೆ ಬದುವಿನ ಜಗಳಾ ಯಾರಿಗೂ ಕಲಸೂದು ಬೇಕಾಗಿಲ್ಲ. ಒಂದ ಕಾಯಿಯಂಥಾ ಚಂಡು ಹಿಡಕೊಂಡು ಮುಂದಿನ ಹೊಲಕ್ಕ ನುಗ್ಗೂದು, ಅಲ್ಲಿಯವರು ಮೈಮ್ಯಾಲ ಬೀಳೂದು, ಬಿದ್ದ ಮ್ಯಾಲ ಮತ್ತ ಸರಪಳಿ ತರಸೂದು. "ನಮ್ಮ ಕೋರ್ಟಿಗಿಂತ ಚಲೋ ಐತಿ," ಅಂದ ಭಜಿ ಅಂಗಡಿಯಾಂವ. "ಅಲ್ಲೇ ಅಳದು ಅಲ್ಲೇ ಮುಗಸ್ತಾರ."

"ಅವನ ಬೆನ್ನ ಮ್ಯಾಲ ಏನ ಬರದೈತಿ?" ಅಂತ ಅಜ್ಜ ಕೇಳಿದ.

"ನಲವತ್ತೇಳು."

"ಅದು ಅವನ ಸರ್ವೇ ನಂಬರ," ಅಂತ ಅಜ್ಜ ತಾನ ಉತ್ತರಾನೂ ಕೊಟ್ಟ.

ಹಿಂಗ ನಲವತ್ತೇಳರಾಂವ ನಮ್ಮ ಕಟ್ಟಿಗೆ ಬಂದ. ದಿನಾ ಸಂಜೀಕ ನಾ ಒಂದ ಫೋಟೋ ತೋರಸೂದು, ಅದಕ್ಕ ತಕ್ಕಂಗ ಒಂದ ದಿನದ ಕಥಿ ಕಟ್ಟೂದು. ಹೆಣ್ಣಮಕ್ಕಳು ಸಾಲಾಗಿ ನಿಂತು ಕೈಯಾಗ ಬಿಳೀ ಎಳಿ ಎಳಿ ಜುಂಜು ಹಿಡಕೊಂಡು ಕುಣಿಯೂ ಫೋಟೋ ಒಂದಿತ್ತು. ಅವರ ಮೈಮ್ಯಾಲಿನ ಅರಿವಿ ಎಲ್ಲಾ ಕೂಡಿಸಿದ್ರ ಒಂದ ಟವಲ್ ಆಗತಿದ್ದಿಲ್ಲ. ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡದ, ಬೆರಳು ಮಾತ್ರ ಅಗಲಸಿ. ಆಯಿ ಮಾತ್ರ ಆರಾಮ ನೋಡಿ, "ಶ್ಯಾವಗಿ ಒಣಗಸಾಕ ಹೊಂಟಾರ. ಬಿಸಲಾಗ ಸೀರಿ ಉಟ್ಟರ ಶೆಕಿ ಆಗತೈತೇಳು," ಅಂದ್ಲು.

ಇವನ್ನ ಟೀಮಿಗೆ ಹೆಂಗ ತಗೊಂಡ್ರು ಅಂತ ಕೇಳಿದ್ರು. ಒಂದ ಫೋಟೋದಾಗ ಕೋಟು ಹಾಕ್ಕೊಂಡ ಇಬ್ಬರು ಕೈ ಕೈ ಹಿಡಕೊಂಡು ನಿಂತಿದ್ರು, ನಡುವ ನಮ್ಮಾಂವ. ಸಾಕಾತು ನಂಗ. "ಎತ್ತಿನ ಸಂತ್ಯಾಗ ತಗೊಂಡಂಗ ತಗೊಂಡ್ರು," ಅಂದೆ. "ವರ್ಷಕ್ಕೊಮ್ಮೆ ಆಳಿನ ಸಂತಿ ಕೂಡತೈತಿ. ಮೊದಲ ಬಾಯಿ ತಗಸಿ ಹಲ್ಲ ಎಣಸಿದ್ರು. ಆಮ್ಯಾಲ ಓಡಿಸಿ ನೋಡಿದ್ರು. ಆಮ್ಯಾಲ ಇಬ್ಬರು ದಲಾಲರು ಟವಲ್ ಕೆಳಗ ಕೈ ಹಾಕಿ ಬೆರಳ ಹಿಡದು ಮಾತಾಡಿದ್ರು."

"ಎಷ್ಟ ಬೆರಳು?" ಅಂತ ಐದು ಮಂದಿ ಒಮ್ಮೆಗೇ ಕೇಳಿದ್ರು.

"ಟವಲ್ ಕೆಳಗ ಇದ್ದದ್ದು ಫೋಟೋದಾಗ ಹೆಂಗ ಕಾಣತೈತಿ?" ಅಂದೆ. ಎಲ್ಲಾರೂ ತಲಿ ಅಲ್ಲಾಡಿಸಿದ್ರು. ನನ್ನ ಮ್ಯಾಲ ನಂಬಿಗಿ ಇನ್ನೂ ಹೆಚ್ಚಾತು.

ಇಲ್ಲೀತನಾ ಎಲ್ಲಾ ಚೈನಿ ಇತ್ತು. ಎಂಟನೇ ದಿನ ಮೊಣಕಾಲಿನ ಫೋಟೋ ಬಂತು.

ನಲವತ್ತೇಳರಾಂವ ಮೈದಾನದಾಗ ಬಿದ್ದಾನ. ಎರಡೂ ಕೈಲೆ ಮೊಣಕಾಲು ಅವಚಿ ಹಿಡದಾನ, ಬಾಯಿ ತಗದಾನ. ಬಾಜೂ ಫೋಟೋದಾಗ ಅವನ್ನ ನಾಕು ಮಂದಿ ಹೊತ್ತಕೊಂಡು ಹೊಂಟಾರ. ಎಲ್ಲಾರ ಕಣ್ಣು ಹೊಳ್ಳಿ ಮೂಲ್ಯಾಗ ಕುಂತಿದ್ದ ನಮ್ಮ ಕಾಕಾನ ಕಡೆ ಹೋದ್ವು.

ನಮ್ಮ ಕಾಕಾ ಅಂದ್ರ ಅಪ್ಪನ ಸಣ್ಣ ತಮ್ಮ, ಇಪ್ಪತ್ನಾಲ್ಕು ವರ್ಷದಾಂವ. ಕುಂತ್ರ ಎರಡು ಜ್ವಾಳದ ಚೀಲ ಒಂದರ ಮ್ಯಾಲೊಂದು ಇಟ್ಟಂಗ ಕಾಣತಿದ್ದ. ಹಿಂದಿನ ನಾಗರ ಪಂಚಮ್ಯಾಗ ಅಣ್ಣಿಗೇರಿ ಪೈಲವಾನನ ಕೂಡ ಕುಸ್ತಿ ಆಡೂ ಮುಂದ ಅವನ ಬಲಗಾಲು ಹೊಳ್ಳಿತ್ತು. ಕಟಕ್ ಅಂದ ಸಪ್ಪಳಕ್ಕ ಮಾಳಿಗಿ ಮ್ಯಾಲಿನ ಪಾರಿವಾಳ ಹಾರಿದ್ವು. ನಾ ಎಣಿಸೀನಿ, ಹನ್ನೊಂದು. ಅವತ್ತಿಂದ ಅಂವ ಬೈಲಕಡೆ ಹೋದ್ರ ಗಿಡಾ ಹಿಡಕೊಂಡು ಏಳಬೇಕು. ಊರ ಹೊರಗಿನ ಒಂದು ಜಾಲಿ ಗಿಡ ಅದಕ್ಕಂತನ ಬಾಗಿ ಹೋಗೇತಿ. ಆದ್ರೂ ಅಜ್ಜ ಈ ಪಂಚಮಿಗೆ ಮತ್ತ ಅಣ್ಣಿಗೇರಿಯವರಿಂದ ವೀಳ್ಯಾ ತಗೊಂಡಿದ್ದ. ಕುಸ್ತಿಗೆ ವೀಳ್ಯಾ ತಗೊಂಡ್ರ ಆತು, ಮಾತು ಕೊಟ್ಟಂಗ. ಇನ್ನ ಒಂದ ತಿಂಗಳಿತ್ತು.

ಇಷ್ಟ ದಿನಾ ಒಂದೂ ಮಾತಾಡಲಾರದ ಕಾಕಾ ಅವತ್ತ ಬಾಯಿ ಬಿಟ್ಟ. "ಮುಂದ ಏನಾತಲೇ ಅವಂದು?"

ನೋಡ್ರಿ, ಆ ಗಳಿಗ್ಯಾಗ ನಾ ತಪ್ಪಿದೆ. ಕಾಕಾಗ ಧೈರ್ಯ ಬೇಕಾಗೇತಿ ಅಂತ ತಿಳಕೊಂಡೆ. ಹಾಳಿ ಹೊಳ್ಳಿಸಿದ್ರ ನಲವತ್ತೇಳರಾಂವ ಎರಡೂ ಕೈ ಮ್ಯಾಲೆತ್ತಿ ನಗಾಕತ್ತಿದ್ದ. ಅದು ಹಿಂದಿನ ಫೋಟೋನೋ ಮುಂದಿಂದೋ ಯಾವ ದೇವರಿಗೆ ಗೊತ್ತು.

"ಮುಂದೇನಾಗೂದು? ಎದ್ದ!" ಅಂದೆ. "ಮೂರನೇ ದಿನಕ್ಕ ಪಟ್ಟಿ ಹಲ್ಲಿಲೆ ಹರದ. ಡಾಕ್ಟರನ್ನ ಕಾಟದ ಮ್ಯಾಲ ಮಲಗಿಸಿ ತಾ ಮೈದಾನಕ್ಕ ಓಡಿದ. ಅವತ್ತ ಒಬ್ಬನ ಏಳು ಮಂದೀನ ಕೆಡವಿ ಹನ್ನೆರಡು ಬದು ದಾಟಿದ. ಮೊಣಕಾಲು ಮೊದಲಿಗಿಂತ ಗಟ್ಟಿ ಆಗಿತ್ತು!"

ಅಜ್ಜ ತೊಡಿ ತಟ್ಟಿದ ಸಪ್ಪಳಕ್ಕ ಆಯಿ ಕೈಯಾಗಿನ ತಂಬಾಕ ಚೆಲ್ಲಿತು. "ಕೇಳಿದೇನಲೇ?" ಅಂದ ಕಾಕಾಗ. "ಅಮೇರಿಕಾದಾಂವ ಮೂರು ದಿನಕ್ಕ ಎದ್ದಾನ. ನೀ ವರ್ಷ ಆತು, ಕಾಲು ಅವಚಿಕೊಂಡ ಕುಂತಿ. ನಾಳಿಂದ ಸಾಮು ಚಾಲೂ!"

ಕಾಕಾ ನನ್ನ ಕಡೆ ನೋಡಿದ. ಆ ನೋಟದಾಗ ಧೈರ್ಯ ಕಾಣಲಿಲ್ಲ. ನಾಯಿ ಕಲ್ಲು ಒಗದಾಂವನ್ನ ನೋಡತೈತಲ್ಲ, ಹಂಗಿತ್ತು.

ಮರದಿನಾ ಅಜ್ಜ ಪುಸ್ತಕದಾಗಿನ ಫೋಟೋ ನೋಡಿ ಅಮೇರಿಕಾದ ಸಾಮು ಶುರು ಮಾಡಿಸಿದ. ಒಂದ ಫೋಟೋದಾಗ ಆಳುಗಳು ಒಂದು ಕಬ್ಬಿಣದ ಬಂಡಿ ನೂಕತಿದ್ರು. ನಮ್ಮಲ್ಲಿ ಅಂಥಾ ಬಂಡಿ ಇಲ್ಲ, ಹೊಲಾ ಹರಗೂ ಕುಂಟಿ ಐತಿ. ಕುಂಟಿ ಮ್ಯಾಲ ಒಂದ ಬೀಸೂಕಲ್ಲು ಇಟ್ಟು, ಅದರ ಮ್ಯಾಲ ನನ್ನ ಕುಂದರಿಸಿ, ಎತ್ತಿನ ಜಾಗಾದಾಗ ಕಾಕಾನ್ನ ಹೂಡಿದ. ಹೊಲದಾಗ ಮೂರು ಸುತ್ತು. ಎರಡನೇ ಸುತ್ತಿನ್ಯಾಗ ನೊಗಾ ಬಿಚ್ಚಿ ಬಿಟ್ಟಿದ್ದ ನಮ್ಮ ಖರೇ ಎತ್ತು ಎರಡೂ ಮೇಯೂದು ಬಿಟ್ಟು ನೋಡಾಕತ್ತಿದ್ವು. ಸಂಜಿ ಅನ್ನೂದರಾಗ ಕಾಕಾನ ಮೊಣಕಾಲು ಗಡಗಿ ಆಗಿತ್ತು.

ಅವತ್ತ ಹಿತ್ತಲದಾಗಿನ ಬಣವಿ ಹಿಂದ ಕಾಕಾ ನನ್ನ ಕೊರಳಪಟ್ಟಿ ಹಿಡದ. ನನ್ನ ಕಾಲು ನೆಲಾ ಬಿಟ್ಟು ಒಂದು ಗೇಣು ಮ್ಯಾಲ ಇದ್ವು.

"ಲೇ ಪಂಡಿತ. ನೀ ಓದಾಕತ್ತಿಲ್ಲ ಅನ್ನೂದು ನಂಗ ಮೊದಲನೇ ದಿನಾನ ಗೊತ್ತಾಗೇತಿ. ಹಾಳಿ ಹೊಳ್ಳಸೂಕಿಂತ ಮೊದಲ ಆ ಹಾಳಿ ಕಥಿ ಹೇಳತಿ."

"ಕಾಕಾ, ನಿಂಗ ಒಳ್ಳೇದಾಗ್ಲಿ ಅಂತ..."

"ಒಳ್ಳೇದಂತ! ಈ ಸಲ ಕಣದಾಗ ಬಿದ್ರ ನಾ ಸಾಯೂತನಾ ಕುಂಟ. ಹುಬ್ಬಳ್ಳಿ ಡಾಕ್ಟರ ಹೇಳ್ಯಾನ. ಅಪ್ಪನ ಮುಂದ ಒಲ್ಲೆ ಅನ್ನಾಕ ನಂಗ ಬಾಯಿ ಬರಂಗಿಲ್ಲ, ನಿಂಗ ಗೊತ್ತೈತಿ." ನನ್ನ ಕೆಳಗಿಳಿಸಿ ಅಂಗಿ ಸರಿ ಮಾಡಿದ. ಧ್ವನಿ ಸಣ್ಣ ಆತು. "ಅವನ್ನ ಮನಿಗೆ ಕಳಸಲೇ. ಆ ನಲವತ್ತೇಳನ್ನ. ಅಂವ ಆಡೂದ ಬಿಟ್ಟ ಅಂತ ಹೇಳು. ಅಪ್ಪ ನನ್ನ ಮಾತು ಕೇಳಂಗಿಲ್ಲ, ಅವಂದ ಕೇಳತಾನ."

ನೂರು ಕಿಲೋದ ಪೈಲವಾನ ಅಮೇರಿಕಾದಾಂವನ್ನ ಮನಿಗೆ ಕಳಸಂತ ನನ್ನ ಮುಂದ ಕೈ ಮುಗಿದು ನಿಂತಿದ್ದ. ನಾ ಹೂಂ ಅಂದೆ. ಹಾಳಿ ಮ್ಯಾಲಿನ ಮನಶ್ಯಾ, ಮನಿಗೆ ಕಳಸಾಕ ಎಷ್ಟೊತ್ತು ಅಂದಕೊಂಡಿದ್ದೆ.

ಕಳಸಾಕ ಹೋದ್ರ ಊರು ಬಿಡವಲ್ತು.

ಮೊದಲ ಡಾಕ್ಟರನ್ನ ಕರಕೊಂಡ ಬಂದೆ. "ಮೊಣಕಾಲು ಮತ್ತ ನೋಯಾಕ ಹತ್ತೇತಿ. ಇನ್ನ ಆಡಬ್ಯಾಡ ಅಂತ ದೊಡ್ಡ ಡಾಕ್ಟರ ಬರದು ಕೊಟ್ಟಾನ," ಅಂದೆ.

"ಯಾಂವ ಅಂವ ಡಾಕ್ಟರ?" ಅಂತ ಅಜ್ಜ ಎದ್ದು ನಿಂತ. "ಎಲುವು ಕೂಡಸೋ ಮಂದಿ ಕಡೆ ಒಯ್ದು ತೋರಸ್ಯಾರೇನು? ಇಲ್ಲ! ಬರೇ ಕಾಗದ ಬರದು ಕೊಟ್ಟರ ಕಾಲು ನೆಟ್ಟಗಾಗತಾವ?"

"ಎಕ್ಕಿ ಎಲಿಗೆ ಎಳ್ಳೆಣ್ಣಿ ಹಚ್ಚಿ, ಕಾಸಿ ಕಟ್ಟಂತ ಹೇಳು," ಅಂದ್ಲು ಆಯಿ. "ನೀ ಇಂಗ್ಲಿಷಿನ್ಯಾಗ ಒಂದ ಕಾಗದ ಬರದು ಹಾಕು. ಎಕ್ಕಿ ಅಲ್ಲಿ ಸಿಗದಿದ್ರ ನಾ ಒಣಗಿಸಿ ಕೊಡತೀನಿ."

ಮರದಿನಾ ಸಂಜೀಕ ನಾ ಕಟ್ಟಿಗೆ ಬರೂದ ತಡ ಆಯಿ ಕೇಳಿದ್ಲು, "ಕಟ್ಟಿದ್ನೇನು?" ಇಲ್ಲಾ ಅನ್ನಾಕ ಮನಸು ಬರಲಿಲ್ಲ. ಕಟ್ಟಿದ ಅಂದೆ. "ಬಾವು ಇಳೀತಲ್ಲ?" ಅಂದ್ಲು. ಇಳೀತು ಅಂದೆ. ಮೂಲ್ಯಾಗ ಕಾಕಾ ಹಣಿ ಹಣಿ ಬಡಕೊಂಡ.

ಆಮ್ಯಾಲ ಹೆಂಡತಿನ್ನ ತಂದೆ. ಫೋಟೋದಾಗ ಒಬ್ಬಾಕಿ ಕರಿ ಕನ್ನಡಕದಾಕಿ ಇದ್ಲು, ಆಕಿನ್ನ ಅಳಸಿದೆ. "ಇನ್ನ ಆಡಬ್ಯಾಡ್ರಿ, ಮಕ್ಕಳ ಮುಖಾ ನೋಡ್ರಿ ಅಂತ ಕಾಲ ಹಿಡಕೊಂಡಾಳ."

"ಹೆಂಡತಿ ಮಾತ ಕೇಳಿ ಬದು ಬಿಟ್ಟ ಕೊಟ್ರ," ಅಂದ ಅಜ್ಜ, "ಬಾಜೂ ಹೊಲದಾಂವ ನಾಳೆ ಬಾವಿನೂ ತನ್ನದಂತಾನ." ಭಜಿ ಅಂಗಡಿಯಾಂವ ಹೌದ್ರಿ ಹೌದ್ರಿ ಅಂದ. ಅವಗ ಬಾಜೂ ಅಂಗಡಿಯಾಂವನ ಕೂಡ ಗಟಾರದ ಜಗಳಾ ಇತ್ತು.

ಕಡೀಕ ಸಿಟ್ಟು ಬಂದು ಕೊಂದ ಬಿಡಬೇಕು ಅಂತ ನಿಶ್ಚೇ ಮಾಡಿದೆ. ಸಿಡಲು ಹೊಡಸೂದು. ಒಮ್ಮೆಗೇ ಮುಗೀತು, ಮೊಣಕಾಲೂ ಇಲ್ಲಾ ಮನಶ್ಯಾನೂ ಇಲ್ಲಾ. ಮೋಡಾ ಕೂಡಸಿದ್ದೆ, ಗಾಳಿ ಬಿಟ್ಟಿದ್ದೆ, ಗುಡಗು ಸುದ್ದಾ ಬಾಯಿಲೇ ಮಾಡಿ ತೋರಸಿದ್ದೆ. ಅಷ್ಟರಾಗ ಆಯಿ ನಡುವ ಬಾಯಿ ಹಾಕಿದ್ಲು. "ಜಲ್ದಿ ಹೇಳೋ ತಮ್ಮಾ. ಅವನ ಕಾಲು ನೆಟ್ಟಗಾಗ್ಲಿ ಅಂತ ಸೋಮವಾರ ಒಪ್ಪತ್ತು ಹಿಡದೀನಿ. ಮುಂಜಾನಿಂದ ನೀರ ಸುದ್ದಾ ಕುಡದಿಲ್ಲ."

ಒಪ್ಪತ್ತು ಹಿಡದ ಮುದಿಕಿ ಮುಂದ ಆಕಿ ಮನಶ್ಯಾನ್ನ ಹೆಂಗ ಕೊಲ್ಲೂದ್ರಿ? ಸಿಡಲು ಬಾಜೂ ಗಿಡಕ್ಕ ಹೊಡೀತು ಅಂದೆ. ಕಟ್ಟಿ ಮ್ಯಾಲಿನ ಮಂದಿ ಉಸರು ಬಿಟ್ರು. ಅಜ್ಜ ಅವತ್ತ ರಾತ್ರಿ ಊಟಕ್ಕ ಎರಡು ರೊಟ್ಟಿ ಹೆಚ್ಚಿಗಿ ತಿಂದ. ಕಾಕಾಗ ಮರದಿನಾ ಹೊಲದಾಗ ಒಂದ ಸುತ್ತು ಹೆಚ್ಚಿಗಿ ಬಿತ್ತು.

ಪಂಚಮಿಗೆ ಐದ ದಿನಾ ಇತ್ತು. ಅವತ್ತ ನಮ್ಮ ಸಾಲಿ ಇಂಗ್ಲಿಷ್ ಮಾಸ್ತರು ಸೈಕಲ್ ತಗೊಂಡು ಕಟ್ಟಿ ಮುಂದ ಹಾದು ಹೊಂಟಿದ್ರು. ಅಜ್ಜ ಕರದ. "ಬರ್ರಿ ಸರ, ಬರ್ರಿ. ನಮ್ಮ ಹುಡಗ ಈ ಪುಸ್ತಕಾ ಓದಿ ಹೇಳಾಕತ್ತಾನ. ಸುಳ್ಳೋ ಖರೇನೋ ನೀವೊಂದ್ಸಲ ನೋಡ್ರಿ."

ನಾ ಪುಸ್ತಕಾ ಬೆನ್ನ ಹಿಂದ ಮುಚ್ಚಿಟ್ಟೆ, ಅಜ್ಜ ಕಸಗೊಂಡು ಮಾಸ್ತರ ಕೈಯಾಗ ಇಟ್ಟ. ನಂಗ ಮೂವತ್ತೈದು ಕೊಟ್ಟವರು ಇವರ. ಕಾಕಾ ಅಲ್ಲೇ ನಿಂತ ನಿಂತಲ್ಲೆ ಬೆವತ.

ಮಾಸ್ತರು ಕನ್ನಡಕ ಹಾಕ್ಕೊಂಡ್ರು. ಒಂದ ಸಾಲು ಓದಿದ್ರು. ತುಟಿ ಅಲ್ಲಾಡಿದ್ವು. ಮತ್ತ ಅದ ಸಾಲು ಓದಿದ್ರು. ಕನ್ನಡಕ ತಗದು ವರಿಸಿದ್ರು. ಎರಡ ಹಾಳಿ ಮುಂದ ಹೋದ್ರು, ಮೂರ ಹಾಳಿ ಹಿಂದ ಬಂದ್ರು. ಅವರ ಹಣಿ ಮ್ಯಾಲೂ ಬೆವರು ಬಂತು. ಅದನ್ನ ನೋಡಿ ನಂಗ ತಿಳೀತು. ಮಾಸ್ತರಿಗೆ ಇಂಗ್ಲಿಷ್ ಬರತಿತ್ತು, ಆದ್ರ ಆ ಆಟದ ಒಂದ ಮಾತೂ ಬರತಿದ್ದಿಲ್ಲ. ಆಮ್ಯಾಲ ಅವರ ನಂಗ ಗುಟ್ಟಿಲೆ ಹೇಳಿದ್ರು, "ಅಕ್ಷರ ಎಲ್ಲಾ ನಮ್ಮ ಪರಿಚಯದವ ಅದಾವಲೇ, ಒಂದೂ ಮಾತಾಡಸವಲ್ವು."

ಆದ್ರ ಇಡೀ ಕಟ್ಟಿ ಕಾಯಾಕತ್ತೇತಿ. ಮಾಸ್ತರು ಗಂಟಲಾ ಸರಿ ಮಾಡಕೊಂಡ್ರು. "ಹುಡಗ ಹೇಳಿದ್ದು ಬರೋಬ್ಬರಿ ಐತ್ರಿ."

"ಬದುವಿನ ಜಗಳಾನ ಹೌದಲ್ರಿ?" ಅಂದ ಅಜ್ಜ.

ಮಾಸ್ತರು ನನ್ನ ಕಡೆ ನೋಡಿದ್ರು, ನಾ ಆಕಾಶ ನೋಡಿದೆ. "ಅದ ರೀ... ಒಂದ ರೀತಿಲೆ," ಅಂದ್ರು. ಪುಸ್ತಕಾ ಲಗೂನ ಮುಚ್ಚಿ ಕೊಡಾಕ ಹೋದ್ರ ಅದು ಕಡೀ ಹಾಳಿಗೆ ತಗೀತು. ಮಿರ್ಚಿ ಎಣ್ಣಿ ಹತ್ತಿ ಅಂಟಿಕೊಂಡಿದ್ದ ಎರಡ ಹಾಳಿ ಈಗ ಬಿಚ್ಚಿದ್ವು, ನಾನೂ ಅದನ್ನ ನೋಡಿದ್ದಿಲ್ಲ. ಅಲ್ಲಿ ಒಂದ ಫೋಟೋ. ಗ್ವಾಡಿ ಮ್ಯಾಲ ಗಾಜಿನ ಚೌಕಟ್ಟು, ಒಳಗ ನಲವತ್ತೇಳು ನಂಬರಿನ ಅಂಗಿ. ಕೆಳಗ ಒಂದ ಸಣ್ಣ ಸಾಲು, ಐದಾರು ಶಬ್ದದ್ದು. ಅಗದಿ ಐದನೇ ಇಯತ್ತೆದ ಇಂಗ್ಲಿಷ್.

ಮಾಸ್ತರ ಮುಖದ ಮ್ಯಾಲ ಬೆಳಕು ಬಂತು. ಈ ಸಾಲು ತಿಳದಿತ್ತು! ಎದ್ದು ನಿಂತು, ತರಗತ್ಯಾಗ ನಿಂತಂಗ ನಿಂತು, ಮೊದಲ ಇಂಗ್ಲಿಷಿನ್ಯಾಗ ಓದಿ, ಆಮ್ಯಾಲ ಕನ್ನಡದಾಗ ಹೇಳಿದ್ರು. "ಈ ಅಂಗಿಯನ್ನು ಇನ್ನು ಮುಂದೆ ಯಾರೂ ತೊಡುವುದಿಲ್ಲ."

ಆ ಪುಸ್ತಕದಾಗಿಂದ ನಮ್ಮ ಕಟ್ಟಿ ಮ್ಯಾಲ ಖರೇ ಓದಿದ್ದು ಅದೊಂದ ಸಾಲು.

"ಯಾರೂ ಅಂದ್ರ?" ಅಂದ ಅಜ್ಜ. "ಆ ನಂಬರ ಮತ್ತೊಬ್ಬನ ಹೆಸರಿಗೆ ಮಾಡಂಗಿಲ್ಲೇನು?"

"ಯಾರ ಹೆಸರಿಗೂ ಇಲ್ರಿ," ಅಂದ್ರು ಮಾಸ್ತರು. "ಅವನಿಗೂ ಇಲ್ಲ. ತಗದು ಗೌರವದಿಂದ ಗ್ವಾಡಿಗೆ ಹಾಕ್ಯಾರ."

ಅಜ್ಜ ತನ್ನ ಎಲಿಯಡಿಕಿ ಕಿವಿ ಒಂದನ್ನ ಎಳಕೊಂಡ. ಆಮ್ಯಾಲ ಅಂದ, "ಹಂಗಾರ ಅವನ್ನ ಬಸವ ಬಿಟ್ರು ಅನ್ನು."

ನಮ್ಮ ಕಡೆ ದೇವರ ಹೆಸರಲೆ ಒಂದ ಹೋರಿ ಬಿಡತಾರ. ಅದು ಬಸವ. ಅದನ್ನ ಯಾರೂ ನೊಗಕ್ಕ ಹೂಡಂಗಿಲ್ಲ, ಬಾರಕೋಲು ಎತ್ತಂಗಿಲ್ಲ. ಯಾರ ಮನಿ ಮುಂದ ನಿಂತ್ರೂ ಬುಟ್ಟಿ ತುಂಬ ಹಾಕಿ ಕೈ ಮುಗೀತಾರ. ಸೋತ ಎತ್ತು ಬ್ಯಾರೆ, ಬಿಟ್ಟ ಬಸವ ಬ್ಯಾರೆ.

ನಾ ಎಂದೂ ಸಿಕ್ಕ ಅವಕಾಶ ಬಿಟ್ಟಾಂವಲ್ಲ. "ಹೌದಜ್ಜಾ!" ಅಂದೆ. "ಅಂವ ಸೋತಿಲ್ಲ. ಇನ್ನೂ ಹತ್ತು ಬದು ದಾಟೂ ಕಸುವಿತ್ತು. ಆದ್ರ ಊರ ಹಿರ್ಯಾ ಬಂದು, ಸಾಕಪ್ಪಾ, ನೀ ದುಡದದ್ದು ಸಾಕು, ನಿನ್ನ ಇನ್ನ ಯಾರೂ ಹೂಡಬಾರದು ಅಂದ. ಹಂಗ ಅನ್ನಾಕ ಹಿರ್ಯಾನೂ ಭಾಳ ದೊಡ್ಡ ಮನಸಿನಾಂವ ಇರಬೇಕು. ಅಮೇರಿಕಾದಾಗ ಅಂಥಾ ಹಿರ್ಯಾ ಒಬ್ಬನ ಅದಾನಂತ."

"ಒಬ್ಬನ ಅಂತ?" ಅಂದ ಅಜ್ಜ.

"ಒಬ್ಬನ ಅಂತ."

ಮರದಿನಾ ಮುಂಜಾನೆ ಅಜ್ಜ ಇಡೀ ಊರನ್ನ ಗರಡಿಮನಿಗೆ ಕೂಡಸಿದ. ಕಾಕಾನ ಹಣಿಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಅವನ ಕುಸ್ತಿ ಲಂಗೋಟಿ ಒಗದು, ಮಡಚಿ, ಗೂಟಕ್ಕ ಹಾಕಿ ಊದಬತ್ತಿ ಹಚ್ಚಿದ. "ಇದನ್ನ ಇನ್ನ ಯಾರೂ ಉಡಂಗಿಲ್ಲ," ಅಂದ. ಯಾರೂ ಉಡತೀನಿ ಅಂದಿರಲಿಲ್ಲ. "ಅಮೇರಿಕಾದಾಗ ಒಬ್ಬ ಹಿರ್ಯಾ ಇದ್ದ. ಈಗ ಇಬ್ಬರಾದ್ವಿ." ಅಷ್ಟಂದು ಮಗನ ಬೆನ್ನ ಮ್ಯಾಲ ಕೈ ಇಟ್ಟ. ಕಾಕಾ ಗುಬ್ಬಿಯಂಗ ಮುದುಡಿ ಅಳಾಕ ಹತ್ತಿದ. ಅವತ್ತ ಅಂವ ಹನ್ನೊಂದು ಮನ್ಯಾಗ ಊಟಾ ಮಾಡಿದ. ಬಸವ ಬಾಗಲಕ್ಕ ಬಂದ್ರ ಯಾರು ಇಲ್ಲಂತಾರ?

ನಾ ಗೆದ್ದೆ ಅಂತ ಮೀಸಿ ತಿರುವಿದೆ. ಮೀಸಿ ಬಂದಿರಲಿಲ್ಲ, ಜಾಗಾ ತಿರುವಿದೆ. ಅಷ್ಟರಾಗ ಅಜ್ಜ ಅಂದ, "ಆದ್ರ ಅಣ್ಣಿಗೇರಿ ವೀಳ್ಯಾ ತಗೊಂಡೀವಿ. ನಮ್ಮ ಮನ್ಯಾಗಿಂದ ಒಬ್ಬಾಂವ ಕಣಕ್ಕ ಇಳೀಬೇಕು." ಅವನ ಕಣ್ಣು ಮನಿ ಮಂದಿ ಎಲ್ಲಾರ ಮ್ಯಾಲ ಹಾದು ಬಂದು ನನ್ನ ಮ್ಯಾಲ ನಿಂತ್ವು. "ಅಮೇರಿಕಾದ ಎಲ್ಲಾ ಪಟ್ಟೂ ಇವಗ ಬಾಯಿಪಾಠ ಅದಾವ."

ಆವಾಗ ನನ್ನ ತೂಕ ನಲವತ್ತೊಂದು ಕಿಲೋ, ಅದೂ ಎರಡೂ ಕಿಸೆದಾಗ ಶೇಂಗಾ ಉಂಡಿ ತುಂಬಕೊಂಡು. ಕಾಕಾ ಪಾಪ ಮುಂದ ಬಂದ. "ಅಪ್ಪಾ, ಇದಿನ್ನೂ ಹುಡಗ ಐತಿ..."

"ನೀ ಸುಮ್ನಿರು," ಅಂದ ಅಜ್ಜ. "ಬಸವ ಮಾತಾಡಂಗಿಲ್ಲ."

ಪಂಚಮಿ ದಿನಾ ಮಧ್ಯಾಹ್ನ ನಾ ಕೆಮ್ಮಣ್ಣಿನ ಕಣದಾಗ ನಿಂತಿದ್ದೆ. ಲಂಗೋಟಿ ನಂದಲ್ಲ, ಯಾರದೋ ದೊಡ್ಡವರದು. ಅದನ್ನ ಎರಡ ಸುತ್ತು ಹೆಚ್ಚಿಗಿ ಸುತ್ತಿ, ಮಿಕ್ಕಿದ್ದನ್ನ ಕಾಕಾ ನನ್ನ ಬೆನ್ನ ಮ್ಯಾಲ ಗಂಟು ಹಾಕಿದ್ದ. "ಬಿದ್ರ ಕಾಲು ಮಡಚಬ್ಯಾಡ. ಜಲ್ದಿ ಬೀಳು. ಅಳಬ್ಯಾಡ," ಇಷ್ಟ ಕಲಸಿದ್ದ. ಹಲಿಗಿ ಬಡಿಯಾಕತ್ತಿದ್ರು. ಎದುರಿಗೆ ಅಣ್ಣಿಗೇರಿ ಪೈಲವಾನ. ಅವನ ನೆಳ್ಳ ಮೊದಲ ಬಂತು, ನನ್ನ ಮ್ಯಾಲ ಕುಂತಿತು, ಆಮ್ಯಾಲ ಅಂವ ಬಂದ. ನನ್ನ ನೋಡಿ ಒಂದ ಸಲ ಹಿಂದ ನೋಡಿದ, ಖರೇ ಪೈಲವಾನ ಹಿಂದ ಬರಾಕತ್ತಾನೇನೋ ಅಂತ.

ಕೈ ಕೂಡಸಿದ್ವಿ. ಅಷ್ಟ ನೆನಪೈತಿ. ಮುಂದಿನ ಗಳಿಗ್ಯಾಗ ನಾ ಅವನ ಎಡ ಹೆಗಲ ಮ್ಯಾಲ, ತಲಿ ಕೆಳಗ, ಕಾಲು ಮುಗಲಿಗೆ. ಅಲ್ಲಿಂದ ನಂಗ ಮೊರಬ ಕಾಣತಿತ್ತು. ಬಡಿ, ಬಡಿ ಅಂತ ಅಣ್ಣಿಗೇರಿಯವರು ಒದರಾಕತ್ತಿದ್ರು. ಅವರ ನಡುವ ಒಬ್ಬ ಮುದುಕ ರುಮಾಲು ಬೀಸಿ ಎಲ್ಲಾರಿಗಿಂತ ಜೋರ ಒದರತಿದ್ದ. ಆದ್ರ ಪೈಲವಾನ ನನ್ನ ಬಡೀಲಿಲ್ಲ. ಕಣದಾಗ ಒಂದ ಸುತ್ತು ಹಾಕಿದ. ಎರಡನೇ ಸುತ್ತಿನ್ಯಾಗ ನನ್ನ ಕಿವಿ ಹತ್ತರ ಮೆಲ್ಲಕ ಮಾತಾಡಿದ.

"ತಮ್ಮಾ, ನಿಮ್ಮ ಕಾಕಾನ್ನ ಬಸವ ಬಿಡಿಸಿದ ಆ ಅಮೇರಿಕಾದ ಪುಸ್ತಕ ಓದಾಂವ ನೀನ ಅಲ್ಲ?"

"ಹೌದ್ರಿ," ಅಂದೆ, ತಲಿಕೆಳಗಿಂದ.

"ನಮ್ಮೂರಿಗೆ ಬಂದು ಒಂದ ಸಲ ಓದಿ ಹೇಳತಿಯೇನ? ನಮ್ಮಪ್ಪಗ. ಅದಾನ ನೋಡು, ರುಮಾಲು ಬೀಸಾಕತ್ತಾನಲ್ಲ." ಉಸರು ಎಳಕೊಂಡ. "ನನ್ನ ಬಲಗೈ ಹೆಗಲಿಗಿಂತ ಮ್ಯಾಲ ಏಳಂಗಿಲ್ಲ. ಆರು ತಿಂಗಳಾತು. ಮನ್ಯಾಗ ಯಾರಿಗೂ ಹೇಳಿಲ್ಲ."

ಆವಾಗ ನೋಡಿದೆ. ನನ್ನ ಒಂದ ಎಡಗೈಲೇನ ಹೊತ್ತಿದ್ದ. ಬಲಗೈ ಮೈಗೆ ಅಂಟಿಕೊಂಡು ಸುಮ್ಮನ ಇತ್ತು.

"ಬರ್ತೀನ್ರಿ. ಆದ್ರ ಮೊದಲ ಸಾವಕಾಶ ಇಳಸ್ರಿ."

"ಐತವಾರ ಬಾ. ನಾ ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ."

ತೊಟ್ಟಿಲದಾಗ ಕೂಸು ಮಲಗಿಸಿದಂಗ ನನ್ನ ಮಣ್ಣಿನ ಮ್ಯಾಲ ಚಿತ್ತ ಮಲಗಿಸಿದ. ಮಂದಿ ಎಲ್ಲಾ ಅಂದ್ರು, ಅಷ್ಟ ದೊಡ್ಡ ಪೈಲವಾನಗ ಈ ಹುಡಗನ್ನ ಕೆಡವಾಕ ಎರಡು ಸುತ್ತು ಹಿಡದ್ವು, ಅಮೇರಿಕಾದ ಪಟ್ಟು ಅಂದ್ರ ಸುಮ್ನ ಅಲ್ಲ. ಅಜ್ಜ ಎದಿ ಉಬ್ಬಸಿ ಅಣ್ಣಿಗೇರಿ ಮುದುಕನ ಕಡೆ ನೋಡಾಕತ್ತಿದ್ದ. ನಾ ಮಾತ್ರ ಏಳಲಿಲ್ಲ. ಮೊಣಕಾಲಿನ ಕಥಿ ನಂಗ ಪೂರಾ ಗೊತ್ತಿತ್ತು. ಹೆಗಲಿನ ಫೋಟೋ ಆ ಪುಸ್ತಕದಾಗ ಒಂದೂ ಇರಲಿಲ್ಲ. ಐತವಾರಕ್ಕ ಇನ್ನ ಮೂರು ದಿನಾ ಅಂತ ಬೆರಳ ಎಣಸಕೊಂತ, ಮುಗಲ ನೋಡಕೊಂತ, ಅಲ್ಲೇ ಬಿದ್ದಕೊಂಡು ವಿಚಾರ ಮಾಡಾಕ ಹತ್ತಿದೆ.